ಆಯಿಯ ಹಸಿರು ಕೆನ್ನೆ

ಕಾಸರಕೋಡಿನ ನಮ್ಮ ಮನೆಯ ಜಗಲಿಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಏಳು ವರ್ಷದವಳಿದ್ದಾಗಿನಿಂದ ಹತ್ತು ತುಂಬುವವರೆಗೆ ಆ ಹನ್ನೊಂದು ಹೆಜ್ಜೆಯನ್ನು ನಾನು ದಿನಕ್ಕೆ ಎಷ್ಟು ಸಲ ನಡೆದೆನೋ ಲೆಕ್ಕವಿಟ್ಟವರಿಲ್ಲ. ಜಗಲಿಯಲ್ಲಿ ಅಜ್ಜಿ, ಅಡುಗೆಮನೆಯಲ್ಲಿ ನನ್ನ ತಾಯಿ, ಆಯಿ. ಅತ್ತೆ-ಸೊಸೆ ಇಬ್ಬರೂ ಮಾತು ಬಿಟ್ಟಿದ್ದರು. ಬಿಟ್ಟಿದ್ದರು ಎಂದರೆ ಪೂರ್ತಿ ಬಿಟ್ಟಿದ್ದರು. ಒಂದೇ ಬಾವಿಯ ನೀರು, ಒಂದೇ ಒಲೆಯ ಗಂಜಿ, ಆದರೆ ಒಬ್ಬರ ಬಾಯಿಂದ ಹೊರಟ ಮಾತು ಇನ್ನೊಬ್ಬರ ಕಿವಿಗೆ ಬೀಳಬೇಕಾದರೆ ನಡುವೆ ನಾನಿರಬೇಕು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿಕೊಂಡು, ಒಳಗಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ನನಗೆ ಹೇಳುತ್ತಿದ್ದಳು.

"ನಿನ್ನ ಆಯಿಗೆ ಹೇಳು, ಸಾರಿಗೆ ಉಪ್ಪು ಹಾಕೂದು ಮರ್ತೋಗಿದೆ ಅಂತ."

ನಾನು ಒಳಗೆ ಹೋಗಿ, "ಆಯಿ, ಅಜ್ಜಿಗೆ ಚೂರು ಉಪ್ಪು ಬೇಕಂತೆ," ಎನ್ನುತ್ತಿದ್ದೆ.

"ಕಣ್ಣು ಹೋದ್ರೂ ನಾಲ್ಗೆ ಮಾತ್ರ ನೆಟ್ಟಗೇ ಅದೆ ಅಂತ ಹೇಳು."

ಹೊರಗೆ ಬಂದು, "ಅಜ್ಜಿ, ಆಯಿಗೆ ಮರ್ತೋಗಿತ್ತಂತೆ. ತಕಾ ಉಪ್ಪು."

ಗಟ್ಟಿಯಾಗಿ ಆಡಿದ ಇಂಥ ಮಾತು ಒಬ್ಬರದ್ದು ಇನ್ನೊಬ್ಬರಿಗೆ ಮೊದಲೇ ಕೇಳಿರುತ್ತಿತ್ತು. ಆದರೂ ನಾನು ತಂದ ಮಾತಿಗೇ ಅವರು ಉತ್ತರ ಕೊಡುತ್ತಿದ್ದದ್ದು. ಇದು ನನಗೆ ಆಗಲೇ ಬಹಳ ಸೋಜಿಗ ಅನ್ನಿಸುತ್ತಿತ್ತು. ನಿಮಗೂ ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ಗಂಟುಬಿದ್ದರೆ ಒಂದು ಕಿವಿಮಾತು ಹೇಳುತ್ತೇನೆ: ಹಸಿದಿರುವವರ ಮುಂದೆ ಯಾವ ಮಾತನ್ನೂ ಇಡಬೇಡಿ. ಅವರು ಉಂಡು ಕೈ ತೊಳೆದು ಬರಲಿ. ಕೇಳಿದ್ದರಲ್ಲಿ ಅರ್ಧವನ್ನು ದಾರಿಯಲ್ಲೇ ಚೆಲ್ಲಿ, ಉಳಿದ ಅರ್ಧವನ್ನು ನಗುತ್ತ ಒಪ್ಪಿಸಿ. ಕುಮಟಾದಲ್ಲಿ ನನ್ನ ಬಣ್ಣದ ಅಂಗಡಿ ಇಷ್ಟು ವರ್ಷ ನಿಂತಿರುವುದು ಈ ಒಂದು ವಿದ್ಯೆಯ ಮೇಲೆ. ಆದರೆ ಈ ವಿದ್ಯೆಯಲ್ಲಿ ಒಂದು ದೊಡ್ಡ ದೋಷವೂ ಇದೆ ಎಂದು ನನಗೆ ತಿಳಿಯುವ ಹೊತ್ತಿಗೆ ನಮ್ಮ ಮನೆ ಎರಡಾಗುವುದರಲ್ಲಿತ್ತು.

ಮನೆಯೆಂದರೆ ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಆ ಸೂರಿನ ಕೆಳಗೆ ಹಳೆಯ ಬಲೆ, ಮೂರು ಕಾಲವೂ ಒಣಮೀನಿನ ವಾಸನೆ. ಅಪ್ಪ ದೋಣಿಗಳಿಗೆ ಬಣ್ಣ ಹೊಡೆಯುವವನು. ಸಮುದ್ರಕ್ಕೆ ಹೋದರೆ ತಲೆ ತಿರುಗುತ್ತಿತ್ತು ಅವನಿಗೆ. ಮೀನುಗಾರರ ಕೇರಿಯಲ್ಲಿ ಹುಟ್ಟಿ ಇಂಥ ತಲೆ ಇಟ್ಟುಕೊಂಡವನು ದಡದಲ್ಲೇ ಏನಾದರೂ ಮಾಡಬೇಕಲ್ಲ. ದೋಣಿಗೆ ಬಳಿದು ಉಳಿದ ಬಣ್ಣದ ಡಬ್ಬಿಗಳು ಅವನ ಮಂಚದ ಕೆಳಗೆ ಸೇರುತ್ತಿದ್ದವು. ಅದರಿಂದಾಗಿ ನಮ್ಮ ಮನೆಯ ಒಂದು ಬಾಗಿಲು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮುಂಬಾಗಿಲು ಕಡುನೀಲಿ, ಹಿಂಬಾಗಿಲು ಕೆಂಪು, ಕಿಟಕಿ ಹಸಿರು, ಅಕ್ಕಿಯ ಪೆಟ್ಟಿಗೆ ಅರಿಸಿನ ಹಳದಿ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ಇದೊಂದು ಅನುಕೂಲವೇ ಆಗಿತ್ತು. ಮನುಷ್ಯರನ್ನು ಅವಳು ಕಾಲಿನ ಸಪ್ಪಳದಿಂದ ಗುರುತಿಸುತ್ತಿದ್ದಳು, ಬಾಗಿಲುಗಳನ್ನು ಬಣ್ಣದಿಂದ. ಮುಖಗಳೆಲ್ಲ ಅವಳಿಗೆ ಗಂಜಿಯೊಳಗೆ ಮುಳುಗಿದ ಹಾಗೆ ಕಾಣುತ್ತಿದ್ದವಂತೆ. ಹಾಗೆಂದು ಅವಳೇ ಹೇಳುತ್ತಿದ್ದಳು.

ಜಗಳ ಹುಟ್ಟಿದ್ದು ಒಂದು ಕೂರುವ ಜಾಗದಿಂದ. ಹೊಳೆ ದಾಟಿದರೆ ಹೊನ್ನಾವರದ ಮೀನುಪೇಟೆ. ಅಲ್ಲಿ ಅಜ್ಜಿ ಮೂವತ್ತು ವರ್ಷ ಒಂದೇ ಕಡೆ ಕೂತು ಮೀನು ಮಾರಿದವಳು. ಪೇಟೆಯಲ್ಲಿ ಯಾರೂ ಯಾರಿಗೂ ಕಾಗದ ಬರೆದುಕೊಟ್ಟಿರಲಿಲ್ಲ. ಆದರೆ ಇಂಥ ಕಲ್ಲು ಇಂಥವಳದ್ದು ಎಂಬುದು ಎಲ್ಲರಿಗೂ ಗೊತ್ತು. ಅತ್ತೆ ಏಳಲಾರದೆ ಹೋದಾಗ ಸೊಸೆ ಬಂದು ಕೂರುತ್ತಾಳೆ, ಅಷ್ಟೆ. ಅಜ್ಜಿಯ ಕಣ್ಣು ಮಂದವಾದಾಗ ಆಯಿ ಹಾಗೆಯೇ ಹೋಗಿ ಕೂತಳು. ಒಂದೂವರೆ ವರ್ಷ ಕೂತು ನೋಡಿದಳು. ಆಮೇಲೆ ಭಟ್ಕಳದ ಪೇಟೆಯಲ್ಲಿ ಜಾಗವಿದ್ದ ಒಬ್ಬ ಹೆಂಗಸು ಮಗಳ ಮನೆಯಲ್ಲಿರಲು ಹೊನ್ನಾವರಕ್ಕೆ ಬರುವ ಸುದ್ದಿ ತಿಳಿದದ್ದೇ, ಅವಳೊಂದಿಗೆ ಮಾತಾಡಿ ಜಾಗಕ್ಕೆ ಜಾಗ ಬದಲಿ ಮಾಡಿಕೊಂಡುಬಿಟ್ಟಳು. ಭಟ್ಕಳದ ಮನೆಗಳಲ್ಲಿ ಒಳ್ಳೆಯ ಮೀನಿಗೆ ಬೆಲೆ ಕಟ್ಟುವವರಿದ್ದರು. ಆಯಿ ಎರಡೇ ತಿಂಗಳಲ್ಲಿ ಅವರ ನವಾಯತಿ ಮಾತನ್ನು ಚೌಕಾಶಿಗೆ ಬೇಕಾಗುವಷ್ಟು ಕಲಿತೂ ಬಿಟ್ಟಳು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅವಳದ್ದು ಹತ್ತಕ್ಕೆ ಹತ್ತು ಸರಿ. ಮಾಡಿದ ತಪ್ಪು ಒಂದೇ. ಅಜ್ಜಿಗೆ ಹೇಳಲಿಲ್ಲ.

ಅಜ್ಜಿಗೆ ಅದು ತಿಳಿದದ್ದು ಪೇಟೆಯಲ್ಲೇ. ಒಂದು ಬೆಳಗ್ಗೆ ಅವಳಿಗೆ, ಸುಮ್ಮನೆ, ಒಂದು ಗಳಿಗೆ ತನ್ನ ಕಲ್ಲಿನ ಮೇಲೆ ಕೂತು ಬರಬೇಕು ಅನ್ನಿಸಿತು. ನನ್ನ ಭುಜ ಹಿಡಿದುಕೊಂಡು ಹೋದಳು. ಕಾಲಿನಿಂದಲೇ ದಾರಿ ಗೊತ್ತಿತ್ತು ಅವಳಿಗೆ. ಸರಿಯಾದ ಜಾಗಕ್ಕೆ ಹೋಗಿ, ಸೀರೆ ಮಡಿಸಿ, ಇನ್ನೇನು ಕೂರಬೇಕು.

"ಅಮ್ಮಾ, ಇಲ್ಲಿ ಎಂತಕ್ಕೆ ಕೂರ್ತೆ? ಇದು ನನ್ನ ಜಾಗ."

"ನಿನ್ನ ಜಾಗ ಯಾವಾಗ ಆತು? ನಾ ಮಾದೇವಿಯ ಅತ್ತೆ."

"ಮಾದೇವಿನೇ ಕೊಟ್ಟದ್ದು. ಬದಲಿ ಮಾಡ್ಕಂಡಾಗಿದೆ. ನಿಂಗೆ ಗೊತ್ತಿಲ್ಯಾ?"

ಅಕ್ಕಪಕ್ಕದ ಮೀನಿನವರೆಲ್ಲ ಬುಟ್ಟಿಯಿಂದ ತಲೆ ಎತ್ತಿ ನೋಡಿದರು. ಅಜ್ಜಿಗೆ ಅವರ ಮುಖ ಕಾಣಲಿಲ್ಲ, ಆದರೆ ಸದ್ದು ನಿಂತದ್ದು ಗೊತ್ತಾಯಿತು. ಅವಳು ಮಡಿಸಿದ ಸೀರೆಯನ್ನು ಬಿಡಿಸಿಕೊಂಡು, "ಗೊತ್ತದೆ, ಗೊತ್ತದೆ," ಎಂದು ನಕ್ಕಳು. ಆ ಸುಳ್ಳು ನಗುವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೆ. ಮನೆಗೆ ಬಂದವಳು ಜಗಲಿಯಲ್ಲಿ ಕೂತಳು. ಸಂಜೆ ಆಯಿ ಬಸ್ಸಿಳಿದು ಬಂದು, "ಅತ್ತೆ, ಉಂಡ್ರಾ?" ಎಂದದ್ದಕ್ಕೆ ಅಜ್ಜಿ ನನ್ನ ಕಡೆ ತಿರುಗಿ, "ಉಂಡಾತು ಅಂತ ಹೇಳು," ಅಂದಳು. ಅಂದಿನಿಂದ ನನ್ನ ಕೆಲಸ ಶುರುವಾಯಿತು.

ಗಣಪು ಚಿಕ್ಕಪ್ಪ ಬೊಂಬಾಯಿಂದ ಬಂದದ್ದು ಇದಾಗಿ ಮೂರನೇ ವರ್ಷ, ಚಳಿಗಾಲದಲ್ಲಿ. ಅಪ್ಪನ ತಮ್ಮ. ಅಲ್ಲಿ ಸಿನಿಮಾದ ದೊಡ್ಡ ದೊಡ್ಡ ಬೋರ್ಡು ಬರೆಯುವ ಕಾರ್ಖಾನೆಯಲ್ಲಿದ್ದ. ಟರ್ಪೆಂಟೈನ್ ವಾಸನೆಗೆ ಕೆಮ್ಮು ಹತ್ತಿ, ಊರಿನ ಗಾಳಿಯಾದರೂ ಕುಡಿಯೋಣ ಎಂದು ಬಂದವನು ಮತ್ತೆ ಬಣ್ಣದ ಡಬ್ಬಿಗಳ ಮನೆಗೇ ಬಂದು ಬಿದ್ದ. ಅವನ ಟ್ರಂಕಿನಲ್ಲಿ ಎರಡು ಅಂಗಿ, ಒಂದು ಮೊಂಡು ಚೂರಿ. ಮೀನು ಕೊಯ್ಯಲೂ ಬಾರದ, ದೋಸೆ ಮಗುಚುವ ಸಟ್ಟುಗದಂಥ ಆ ಚೂರಿಯ ಮೇಲೆ ನನ್ನ ಕಣ್ಣು ಬಿತ್ತು. ಇದರಲ್ಲಿ ಎಂತ ಮಾಡ್ತೆ ಎಂದು ಕೇಳಿದೆ. ಮುಖ ಮಾಡ್ತೆ ಅಂದ. ಅಲ್ಲಿ ಅವನು ಬರೆಯುತ್ತಿದ್ದ ಒಂದೊಂದು ಮುಖವೂ ನಮ್ಮ ಮನೆಯಷ್ಟು ಎತ್ತರವಂತೆ. ಒಂದು ಕಣ್ಣಿಗೆ ಒಬ್ಬ ಆಳು, ಮೂಗಿಗೆ ಇನ್ನೊಬ್ಬ. ಬರೆಯುವವನಿಗೆ ಎದುರಿಗೆ ಕಾಣುವುದು ಬರೀ ಬಣ್ಣದ ಹೆಂಟೆಗಳು. ಇಳಿದು ರಸ್ತೆ ದಾಟಿ ಹಿಂತಿರುಗಿ ನೋಡಿದರೆ ಸಿಟ್ಟಿನ ಮನುಷ್ಯ ನಿಂತಿರುತ್ತಾನೆ. ನಾನು ನಂಬಲಿಲ್ಲ. ನನ್ನ ಸ್ವಭಾವವೇ ಅದು, ಸಾಮಾನು ನೋಡದೆ ನಂಬುವವಳಲ್ಲ.

ಅವನು ಬಚ್ಚಲುಕೊಟ್ಟಿಗೆಯ ತಗಡಿನ ಬಾಗಿಲ ಮೇಲೆ ಅಪ್ಪನ ಮುಖ ಬರೆದು ತೋರಿಸಿದ. ದೋಣಿಗೆ ಬಳಿದುಳಿದ ಬಣ್ಣಗಳೇ, ಐದಾರು ಡಬ್ಬಿ. ಚರ್ಮದ ಬಣ್ಣ ಯಾವ ಡಬ್ಬಿಯಲ್ಲೂ ಇರಲಿಲ್ಲ, ಏಕೆಂದರೆ ಚರ್ಮದ ಬಣ್ಣದ ದೋಣಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅಪ್ಪನ ಮೂಗು ನೀಲಿ, ಹಣೆ ಹಳದಿ, ಗದ್ದದ ಕೆಳಗೆ ನೇರಳೆ. ಮೈಮೇಲೆ ನೀರು ಹೊಯ್ದುಕೊಳ್ಳಲು ಹೋದ ಅಪ್ಪ ಬಾಗಿಲ ಮುಂದೆ ತಂಬಿಗೆ ಹಿಡಿದು ನಿಂತುಬಿಟ್ಟ. ಪಕ್ಕದ ಮನೆಯ ಕಮಲಕ್ಕ ನೀರಿಗೆ ಬಂದವಳು ಸೊಂಟಕ್ಕೆ ಕೊಡ ಇಟ್ಟುಕೊಂಡು ಹತ್ತಿರ ಬಂದು ಬಗ್ಗಿ ನೋಡಿದಳು.

"ಮಾದೇವಿ, ನಿನ್ನ ಗಂಡಗೆ ಹಾವು ಗೀವು ಕಚ್ಚಿದ್ಯೇನೆ? ಮೂಗು ನೀಲಿ ತಿರ್ಗೋಗಿದೆ."

ಒಳಗಿನಿಂದ ಆಯಿ, "ಕಚ್ಚಿದ ಹಾವೇ ಸತ್ತಿರ್ತದೆ, ನೀ ನೀರು ತಕಂಡು ಹೋಗು," ಅಂದಳು.

ಕಮಲಕ್ಕ ನಗುತ್ತ ಬಾವಿಯ ತನಕ ಹೋದಳು. ಹಗ್ಗ ಬಿಡುವ ಮುನ್ನ ಒಮ್ಮೆ ತಿರುಗಿ ನೋಡಿದಳು. ಹಗ್ಗ ಕೈಯಲ್ಲೇ ಉಳಿಯಿತು.

"ಅಯ್ಯ, ಇದು ಅಂವನೇ. ದೋಣಿಯವ್ರ ಹತ್ರ ಬೈಸ್ಕಂಡು ಬಂದಾಗ ಹಿಂಗೇ ಇರ್ತ."

ನಾನು ಬಾವಿಗೂ ಬಚ್ಚಲಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಹತ್ತಿರ ಹೋದರೆ ಹೆಂಟೆ, ದೂರ ಬಂದರೆ ಅಪ್ಪ. ಎಲ್ಲಿ, ಎಷ್ಟನೇ ಹೆಜ್ಜೆಗೆ ಹೆಂಟೆ ಅಪ್ಪನಾಗುತ್ತದೆ ಎಂದು ಹಿಡಿಯಲು ನೋಡಿದೆ, ಸಿಗಲಿಲ್ಲ. ಸಂಜೆ ಚಿಕ್ಕಪ್ಪನ ಪಕ್ಕ ಕೂತು ಪೀಡಿಸಿದೆ. ಅಪ್ಪನ ಮೂಗು ಕಪ್ಪಲ್ಲವಾ, ಸ್ವಲ್ಪ ಬಿಳಿ ಬೆರೆಸಿ ಮೆತ್ತಗಾದರೂ ಮಾಡಬಹುದಿತ್ತಲ್ಲ ಎಂದೆ.

"ಬಿಳಿ ಬೆರ್ಸಿದ್ರೆ ಎಲ್ಲಾರೂ ಒಪ್ತ್ರು ಮಗಾ. ಆದ್ರೆ ದೂರಕ್ಕೆ ಮುಟ್ಟೂದಿಲ್ಲ. ಬಸ್, ಅಷ್ಟೇ."

ಆ ಬೇಸಿಗೆಯಲ್ಲಿ ಆಯಿ ತೀರ್ಮಾನ ಮಾಡಿದಳು. ಜೂನಿನಲ್ಲಿ ಮಿರ್ಗದ ಮಳೆ ಹಿಡಿದು ದೋಣಿಗಳು ದಡ ಹತ್ತಿದ ಕೂಡಲೇ ತದಡಿಗೆ, ಅವಳ ಅಣ್ಣನ ಮನೆಗೆ. ಮಳೆಗಾಲ ಕಳೆಯಲು ಅಲ್ಲ, ಇರಲು. ಅಲ್ಲಿ ಅಘನಾಶಿನಿಯ ದಡದಲ್ಲಿ ಒಣಮೀನಿನ ಕೆಲಸ ನೋಡಿಕೊಂಡು ಬೇರೆ ಒಲೆ ಹೂಡುವುದು. ಅಪ್ಪ ಬಂದರೆ ಬರಲಿ, ಇಲ್ಲದಿದ್ದರೆ ತಾಯಿಯ ಹತ್ತಿರ ಇರಲಿ. ನಾನಂತೂ ಹೋಗಲೇಬೇಕು. ನನ್ನನ್ನು ಕೇಳಿದವರಿಲ್ಲ. ನನಗೆ ಅಜ್ಜಿ ಬೇಕಿತ್ತು, ಆಯಿಯೂ ಬೇಕಿತ್ತು, ಬಣ್ಣದ ಡಬ್ಬಿಗಳೂ ಬೇಕಿದ್ದವು. ಆಯಿ ಅಂದು ದನಿ ತಗ್ಗಿಸಿ ನನ್ನ ಕೈಲಿ ಕಳಿಸಿದ ಮಾತು ಹೀಗಿತ್ತು:

"ಅತ್ತೆಗೆ ಹೇಳು, ಮೂರು ವರ್ಷ ಗೋಡೆ ಹತ್ರ ಮಾತಾಡಿ ಸಾಕಾತು. ನಾ ಜಾಗ ಕದ್ದ ಕಳ್ಳಿ ಅಲ್ಲ. ಮಳೆ ಬಂದ್ರೆ ನಾ ಇಲ್ಲಿಲ್ಲ."

ನಾನು ಜಗಲಿಗೆ ಹೋಗಿ, "ಅಜ್ಜಿ, ಆಯಿ ಮಳೆಗಾಲಕ್ಕೆ ತದಡಿಗೆ ಹೋಗಿ ಬತ್ತದಂತೆ," ಅಂದೆ.

"ಹೋಗಿ ಬರ್ಲಿ. ಯಾರು ಹಿಡ್ದದ್ದು?" ಎಂದಳು ಅಜ್ಜಿ. ಅವಳ ದನಿ ಸ್ವಲ್ಪ ನಡುಗಿತು, ಅದನ್ನು ನಾನು ಒಳಗೆ ಹೇಳಲಿಲ್ಲ. "ಹೋಗಿ ಬರ್ಲಿ ಅಂತು," ಎಂದಷ್ಟೇ ಒಪ್ಪಿಸಿದೆ. ಆಯಿ ಕೈಯಲ್ಲಿದ್ದ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ನಾನು ಜಗಳ ಹೆಚ್ಚಬಾರದೆಂದು ಹೀಗೆ ಮಾಡುತ್ತ ಬಂದಿದ್ದೆ. ಮೂರು ವರ್ಷ ಆ ಹನ್ನೊಂದು ಹೆಜ್ಜೆಯಲ್ಲಿ ಪ್ರತಿ ಮಾತಿಗೂ ಬಿಳಿ ಬೆರೆಸಿದ್ದೆ. ನೋವಿನ ಮಾತನ್ನು ಇಬ್ಬರೂ ನನಗಷ್ಟೇ ಕೇಳುವಂತೆ ಹೇಳುತ್ತಿದ್ದರು; ಅಜ್ಜಿಗೆ ಪೇಟೆಯಲ್ಲಿ ಎಷ್ಟು ಅವಮಾನವಾಗಿತ್ತೆಂದು ಆಯಿಗೆ ಮುಟ್ಟಲಿಲ್ಲ. ಆಯಿಗೆ ಎಷ್ಟು ನೊಂದಿದೆಯೆಂದು ಅಜ್ಜಿಗೆ ಮುಟ್ಟಲಿಲ್ಲ. ಇಬ್ಬರೂ ಎದುರಿನವಳಿಗೆ ಏನೂ ಆಗಿಲ್ಲ, ಆರಾಮಾಗಿದ್ದಾಳೆ ಎಂದುಕೊಂಡೇ ಮೂರು ವರ್ಷ ಕಳೆದಿದ್ದರು. ಇದನ್ನು ಈಗ ಬರೆಯುವಷ್ಟು ಸಲೀಸಾಗಿ ಆಗ ತಿಳಿದಿರಲಿಲ್ಲ.

ಮೇ ತಿಂಗಳ ಒಂದು ದಿನ ಚಿಕ್ಕಪ್ಪ ಆಯಿಯ ಜೊತೆಗೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋದ. ಒಂದು ಅಂಗಡಿಗೆ ಹೆಸರಿನ ಬೋರ್ಡು ಬರೆಯುವ ಕೆಲಸ ಸಿಕ್ಕಿತ್ತು. ಸಂಜೆ ಬಂದವನು ಬಣ್ಣ ಹತ್ತಿದ ಕೈ ತೊಳೆದು ಕೂತ. ಚಾ ಕುಡಿಯುವಾಗ ನನ್ನನ್ನು ಕೇಳಿದ.

"ಅತ್ತಿಗೆ ಅಲ್ಲಿ ಕೂರೂದು ನೋಡಿದ್ಯಾ ನೀನು?"

"ಇಲ್ಲ. ಎಂತಕ್ಕೆ?"

"ಎಂತಕ್ಕೂ ಇಲ್ಲ."

ಮಾರನೆಯ ಸಂಜೆ ಅವನು, ಅತ್ತಿಗೆ, ನೀವು ಹೋಗುವ ಮುನ್ನ ಒಂದು ಮುಖ ಬರೀತೆ, ಕೂತ್ಕಳ್ಳಿ ಎಂದ. ಆಯಿಗೆ ಒಳಗೊಳಗೇ ಸಂತೋಷ. ಭಟ್ಕಳದ ಸ್ಟುಡಿಯೋದಲ್ಲಿ ಫೋಟೋಕ್ಕೆ ಬಣ್ಣ ಹಾಕಿ ಕೊಡುವುದನ್ನು ಅವಳು ನೋಡಿದ್ದಳು; ಗುಲಾಬಿ ಕೆನ್ನೆ, ಹವಳದ ತುಟಿ, ಎಂಥ ಕಪ್ಪು ಹುಡುಗಿಯೂ ಅಲ್ಲಿ ಹಾಲಿನಂತಾಗುತ್ತಿದ್ದಳು. ಮುಖ ತೊಳೆದು, ಹೂ ಮುಡಿದು ಬಂದು ಹಿತ್ತಿಲ ಮೆಟ್ಟಿಲ ಮೇಲೆ ನೆಟ್ಟಗೆ ಕೂತಳು. ಹತ್ತು ನಿಮಿಷ ಹಾಗೆ ಕೂತಿದ್ದಳೇನೋ. ಆಮೇಲೆ ಬೆನ್ನು ಬಾಗಿತು, ಕೈ ತಾನಾಗಿ ಮೊಣಕಾಲ ಮೇಲೆ ಬಂತು, ಕಣ್ಣು ಎಲ್ಲೋ ಹೋಯಿತು. ಚಿಕ್ಕಪ್ಪ ಅದಕ್ಕಾಗಿಯೇ ಕಾದವನಂತೆ ದೊಡ್ಡದೊಂದು ಪ್ಲೈವುಡ್ ಹಲಗೆಯನ್ನು ಎದುರಿಗಿಟ್ಟು ಚೂರಿ ಕೈಗೆ ತೆಗೆದುಕೊಂಡ. ಮೂರು ಸಂಜೆ ಹೀಗೆ ನಡೆಯಿತು. ಯಾವ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ನಾನು ಅವನ ಬೆನ್ನ ಹಿಂದೆಯೇ ಕೂತು ನೋಡುತ್ತಿದ್ದೆ. ಹಣೆಯಿಂದ ಮೂಗಿನ ತನಕ ಕೆಂಪು, ಕಲಬೆರಕೆಯಿಲ್ಲದ ದೋಣಿಯ ಕೆಂಪು, ಇಷ್ಟು ದಪ್ಪ. ಕಣ್ಣಿನ ಗುಳಿಗೆ ಕಡುನೀಲಿ. ಕೊನೆಗೆ, ಬಲಗೆನ್ನೆಯ ಮೇಲೆ, ಒಂದೇ ಎಳೆತಕ್ಕೆ ಹಸಿರು.

"ಹಸಿರು ಎಂತಕ್ಕೆ ಚಿಕ್ಕಪ್ಪ?"

"ಕೆಂಪು ಒಂದೇ ಇದ್ರೆ ಸುಡೂದಿಲ್ಲ. ಬದಿಗೆ ಹಸಿರಿಟ್ಟು ನೋಡು, ಆಗ ಸುಡ್ತದೆ."

ಇದು ನಿಜ. ನಾನು ಆಮೇಲೆ ಪರೀಕ್ಷೆ ಮಾಡಿ ನೋಡಿದ್ದೇನೆ. ನನ್ನ ಅಂಗಡಿಗೆ ಬರುವವರಿಗೂ ಹೇಳುತ್ತೇನೆ, ಗೋಡೆ ಕೆಂಪಾದರೆ ಬಾಗಿಲಿಗೆ ಹಸಿರು ಬೇಡ, ಆ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ ಎಂದು. ಹಟ ಮಾಡಿ ಬಳಿಸಿದವರು ವರ್ಷದೊಳಗೆ ಬೇರೆ ಬಣ್ಣಕ್ಕೆ ಬಂದಿದ್ದಾರೆ.

ಮುಗಿದದ್ದನ್ನು ನೋಡಲು ಆಯಿ ಸೆರಗು ಸರಿಮಾಡಿಕೊಂಡು ಬಂದಳು. ನೋಡಿದಳು.

"ಇದ್ಯಾವ ಮಾರಿ?"

"ನೀವೇ ಅತ್ತಿಗೆ."

"ನನ್ನ ಕೆನ್ನೆ ಹಸ್ರಾ? ನಾ ಎಂತ, ಮೂರು ದಿನ ಇಟ್ಟ ಬಂಗ್ಡೆಯಾ? ಗಣಪು, ನಿಂಗೆ ಮೂರು ಹೊತ್ತು ಬಡ್ಸಿದ್ದಕ್ಕೆ ಇದಾ ನೀ ಮಾಡೂದು?"

"ಚೂರು ದೂರ ನಿಂತ್ಕಂಡು ನೋಡಿ."

"ನಾ ದೂರನೇ ಹೋಗ್ತೆ, ಬಿಡು. ಇದ ತಕಂಡು ಹೋಗಿ ಒಲಿಗೆ ಹಾಕು."

ಅವಳು ಹೂವನ್ನು ತಲೆಯಿಂದ ಕಿತ್ತು ತೆಂಗಿನ ಬುಡಕ್ಕೆ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು, ಹೋಗಿ ಮಾತಾಡು, ಮುಖ ಬೆಳ್ಳಗೆ ಮಾಡ್ಲಿ, ಕಡೆಗೆ ಆ ಹಸಿರೊಂದು ತೆಗೀಲಿ ಅಂದಳು. ನಾನು ಹುರುಪಿನಿಂದಲೇ ಹೋದೆ, ಇಂಥ ಕೆಲಸದಲ್ಲಿ ನನಗೆ ನಂಬಿಕೆಯಿತ್ತು. ನಾಳೆ ಆಯಿ ಸಿಗಡಿ ಹುರಿಯುತ್ತದೆ, ನಿನಗೆ ಎರಡು ಪಾಲು ಎಂದೆ. ಕೆಂಪು ಇರಲಿ, ಹಸಿರು ಬಿಡು ಎಂದೆ. ಚಿಕ್ಕಪ್ಪ ಕೆಮ್ಮುತ್ತ ಎಲ್ಲವನ್ನೂ ಕೇಳಿದ.

"ಆತು. ಬಾವಿ ಹತ್ರ ಹೋಗಿ ನಿಂತು ನೋಡು. ಎಲ್ಲಿ ಸುಳ್ಳು ಕಾಣ್ತದೋ ಅದ ಹೇಳು. ಅದ ಅಳಿಸ್ತೆ."

ಬಾವಿಯ ಹತ್ತಿರ ನಿಂತು ನೋಡಿದೆ. ಬಹಳ ಹೊತ್ತು ನೋಡಿದೆ. ಬೆಳಗ್ಗೆ ಹೂಮುಡಿದು ಹೋಗುವ ಆಯಿ ಅಲ್ಲ ಅದು, ಸಂಜೆ ಬಸ್ಸಿಳಿದು ಬಂದು, ಬುಟ್ಟಿ ಇಳಿಸಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಗಳಿಗೆ ಮೆಟ್ಟಿಲ ಮೇಲೆ ಕೂರುವ ಆಯಿ. ನಾನು ದಿನಾ ನೋಡುತ್ತಿದ್ದೆ, ಆದರೂ ನೋಡಿರಲಿಲ್ಲ. ಎಲ್ಲಿ ಅಳಿಸಲು ಹೇಳಲಿ? ಚೌಕಾಶಿಯಲ್ಲಿ ನಾನು ಬರಿಗೈಯಲ್ಲಿ ತಿರುಗಿದ್ದು ಅದೇ ಮೊದಲು. ಒಳಗೆ ಹೋಗಿ ಆಯಿಗೆ, ಒಣಗಿದ ಮೇಲೆ ನೋಡುವಾ ಅಂದ ಎಂದು ಸುಳ್ಳು ಹೇಳಿದೆ.

ಒಣಗಲೆಂದು ಚಿಕ್ಕಪ್ಪ ಆ ಪ್ಲೈವುಡ್ ಹಲಗೆಯನ್ನು ಅಂಗಳದ ಆಚೆ ತುದಿಯ ತೆಂಗಿಗೆ ಒರಗಿಸಿದ್ದ. ಬೆಳಗ್ಗೆ ಬಿಸಿಲು ಮೊದಲು ಬೀಳುವುದು ಅಲ್ಲಿಗೇ. ಅಜ್ಜಿ ಎದ್ದು ಜಗಲಿಗೆ ಬಂದು, ಕಂಬಕ್ಕೆ ಒರಗಿ, ಎಂದಿನಂತೆ ಏನೂ ಕಾಣದ ಅಂಗಳದ ಕಡೆ ಮುಖ ಮಾಡಿ ಕೂತಳು. ನಾನು ಮೆಟ್ಟಿಲ ಮೇಲೆ ಹಲ್ಲುಜ್ಜುತ್ತಿದ್ದೆ. ಒಳಗೆ ಆಯಿ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು.

"ಹೆಣ್ಣೆ, ಅಲ್ಲಿ ತೆಂಗಿನ ಬುಡಕ್ಕೆ ಯಾರೇ ಬಂದು ನಿಂತದ್ದು?"

"ಯಾರೂ ಇಲ್ಲ ಅಜ್ಜಿ. ಚಿಕ್ಕಪ್ಪ ಹಲ್ಗೆ ಒಣಗೂಕೆ ಇಟ್ಟಿದ."

"ಹಲ್ಗೆ ಅಲ್ಲ. ನಂಗೆ ಮುಖ ಕಾಣ್ತದೆ."

ನಾನು ಹಲ್ಲುಜ್ಜುವುದನ್ನು ನಿಲ್ಲಿಸಿದೆ. ಮುಖ ಕಾಣುತ್ತದೆ ಎಂದು ಅಜ್ಜಿ ಹೇಳಿದ್ದನ್ನು ನಾನು ಕೇಳಿಯೇ ಎಷ್ಟೋ ಕಾಲವಾಗಿತ್ತು. ಮೊದಲು ಹೆದರಿದೆ, ಆಮೇಲೆ ಬಾಗಿಲುಗಳ ನೆನಪಾಯಿತು. ನೀಲಿ, ಕೆಂಪು, ಹಸಿರು. ಅವಳ ಪೊರೆಯನ್ನು ದಾಟಿ ಒಳಗೆ ಹೋಗುವಷ್ಟು ಗಟ್ಟಿಯಾದದ್ದು ಆ ಮನೆಯಲ್ಲಿ ದೋಣಿಯ ಬಣ್ಣ ಮಾತ್ರ.

"ಯಾರದ್ದು?" ಎಂದು ಅಜ್ಜಿ ಕೇಳಿದಳು.

"ಆಯಿದು."

ಅಜ್ಜಿ ಕಂಬ ಬಿಟ್ಟು ಮುಂದಕ್ಕೆ ಬಾಗಿದಳು.

"ಅಳ್ತದಲ್ಲೇ ಅದು. ಎಂತಕ್ಕೆ ಅಳ್ತದೆ?"

"ಅಳೂದಿಲ್ಲ ಅಜ್ಜಿ. ಬಣ್ಣ ಹಸಿ ಅದ್ಯಲ, ಹೊಳೀತದೆ ಅಷ್ಟೇ."

"ನೀ ಸುಮ್ನಿರು. ಮೂವತ್ತು ವರ್ಷ ಪೇಟೆಲಿ ಕೂತವ್ಳು ನಾನು. ಹಣೆಯಿಂದ ಮೂಗಿನವರೆಗೆ ಸುಟ್ಟದ್ದು ಯಾವ ಬಿಸ್ಲು ಅಂತ ನಂಗೆ ಗೊತ್ತದೆ." ಆಮೇಲೆ ಮನೆಯ ಒಳಗೆ ಕೇಳುವ ಹಾಗೆ ಅವಳು ಕರೆದಳು. "ಮಾದೇವಿ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಆಯಿ ನೀಲಿ ಬಾಗಿಲಿಗೆ ಬಂದು ನಿಂತಳು. ಒಂದು ಕೈಯಲ್ಲಿ ತಲೆಗೆ ಇಟ್ಟುಕೊಳ್ಳುವ ಸಿಂಬೆ ಹಾಗೇ ಇತ್ತು.

"ಭಟ್ಕಳದಲ್ಲಿ ನೀ ಕೂರೂ ಜಾಗಕ್ಕೆ ನೆರಳಿಲ್ಯಾ?"

ಆಯಿ ನನ್ನ ಕಡೆ ನೋಡಿದಳು, ಅಭ್ಯಾಸ. ನಾನೂ ಅಭ್ಯಾಸದಿಂದ ಬಾಯಿ ತೆರೆದೆ. ಅಜ್ಜಿ ನನ್ನತ್ತ ಕೈ ಎತ್ತಿ ತಡೆದಳು.

"ಇಲ್ಲ," ಎಂದಳು ಆಯಿ. "ಹತ್ತು ಗಂಟಿ ಮೇಲೆ ಬಿಸ್ಲೇ. ಸಂಜಿವರೆಗೂವ."

"ನನ್ನ ಕಲ್ಲಿಗೆ ನೆರಳಿತ್ತಲ."

"ಇತ್ತು."

"ಗೊತ್ತಿದ್ದೂ ಬಿಟ್ಯಾ?"

"ಅಲ್ಲಿ ನೆರಳಿತ್ತು, ಗಿರಾಕಿ ಇರ್ಲಿಲ್ಲ ಅತ್ತೆ."

ಅಜ್ಜಿ ಅದನ್ನು ಬಾಯಲ್ಲಿಟ್ಟು ರುಚಿ ನೋಡುವಂತೆ ತುಟಿ ಆಡಿಸಿದಳು. ವ್ಯಾಪಾರಸ್ಥೆಗೆ ವ್ಯಾಪಾರದ ಮಾತು ತಿಳಿಯದೆ ಹೋಗುವುದಿಲ್ಲ. ಆದರೆ ಅವಳ ಲೆಕ್ಕ ಅಲ್ಲಿಗೆ ಮುಗಿದಿರಲಿಲ್ಲ.

"ಅವತ್ತು ಪೇಟೆಲಿ ಎಲ್ಲರ ಎದ್ರಿಗೆ ಆ ಹೆಂಗ್ಸು ನನ್ನ ಕೂರೂಕೆ ಬಿಡ್ಲಿಲ್ಲ. ನಾ ನಗಾಡ್ಕಂಡು ಬಂದೆ. ನಿಂಗೆ ಇದು ಹೇಳಿತ್ತಾ?" ಗದ್ದದಿಂದ ನನ್ನನ್ನು ತೋರಿಸಿದಳು.

"ಇಲ್ಲ," ಎಂದಳು ಆಯಿ. ನನ್ನ ಕಡೆ ಅವಳು ನೋಡಿದ ನೋಟವನ್ನು ನಾನು ಮರೆತಿಲ್ಲ. "ಗೊತ್ತಿಲ್ಲ ನಂಗೆ. ನೀವು ಪೇಟಿಗೆ ಹೋದದ್ದೇ ಗೊತ್ತಿಲ್ಲ."

"ಒಂದು ಮಾತು ಹೇಳ್ಬೇಕಿತ್ತು ನಂಗೆ."

"ಹೇಳ್ಬೇಕಿತ್ತು ಅತ್ತೆ."

ಅಷ್ಟೆ. ಆಯಿ ಅದಕ್ಕೆ ಕಾರಣ ಕೊಡಲಿಲ್ಲ, ಸಮಯ ಸಿಗಲಿಲ್ಲ ಅನ್ನಲಿಲ್ಲ. ಈಗ ನಾನು ಮದುವೆಯಾದ ಹುಡುಗಿಯರಿಗೂ, ಅಂಗಡಿಯಲ್ಲಿ ಕೆಲಸಕ್ಕೆ ಬರುವವರಿಗೂ ಇದನ್ನೇ ಹೇಳುತ್ತೇನೆ, ತಪ್ಪು ಒಪ್ಪಿದ ಮೇಲೆ ಅದರ ಬೆನ್ನಿಗೆ ಇನ್ನೊಂದು ಮಾತು ಕಟ್ಟಬೇಡಿ ಎಂದು. ಅಜ್ಜಿ ಕಂಬ ಹಿಡಿದು ಎದ್ದಳು.

"ಬಸ್ಸಿಗೆ ಹೊತ್ತಿದ್ಯಾ?"

"ಅದೆ. ಎಂತಕ್ಕೆ?"

"ನಾನೂ ಬತ್ತೆ. ಬದಿಗೆ ಯಾರದ್ದಾದ್ರೂ ಅಂಗ್ಡಿ ಇರ್ತದಲ, ನೆರಳಿಗೆ ಅದರ ಮಾಡು ಚೂರು ಮುಂದೆ ಚಾಚೂಕೆ ಹೇಳ್ತೆ. ನಿಂಗೆ ಮೀನು ಮಾರೂಕೆ ಬರ್ತದೆ, ಜಾಗ ಕೇಳೂಕೆ ಬರೂದಿಲ್ಲ."

"ಅವ್ರು ನಿಮ್ಮ ಮಾತು ಕೇಳ್ತ್ರಾ?"

"ಕೇಳ್ದೆ ಎಲ್ಲಿಗೆ ಹೋಗ್ತ್ರು? ಕಣ್ಣು ಕಾಣ್ದ ಮುದ್ಕಿ ಅಂಗ್ಡಿ ಎದ್ರಿಗೆ ಬಿಸ್ಲಲ್ಲಿ ಕೂತ್ರೆ ಯಾವ ಗಿರಾಕಿ ಒಳಗೆ ಬರ್ತ? ಮಧ್ಯಾಹ್ನದೊಳಗೆ ಮಾಡು ಇಳೀತದೆ, ನೋಡ್ತಿರು."

ಆಯಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಂದು ಜಗಲಿಯ ಕೆಳಗೆ ಬೆನ್ನು ಕೊಟ್ಟು ನಿಂತಳು. ಅಜ್ಜಿ ಕೈ ಚಾಚಿ ತಡಕಿ ಅವಳ ಭುಜ ಹಿಡಿದಳು. ಇಬ್ಬರೂ ಅಂಗಳ ದಾಟಿ, ತೆಂಗಿನ ಪಕ್ಕದಲ್ಲೇ, ಹಲಗೆಯ ಕಡೆ ತಿರುಗಿ ಕೂಡ ನೋಡದೆ, ರಸ್ತೆಯ ಕಡೆ ಹೋದರು. ಮಾತಾಡುತ್ತಲೇ ಹೋದರು. ಏನು ಮಾತೆಂದು ನನಗೆ ಕೇಳಿಸಲಿಲ್ಲ, ಯಾರೂ ಬಂದು ಹೇಳಲೂ ಇಲ್ಲ. ಆ ವರ್ಷ ಮಿರ್ಗದ ಮಳೆ ಹಿಡಿದಾಗ ತದಡಿಯ ಮಾತು ಎತ್ತಿದವರಿಲ್ಲ. ಮಳೆಗಾಲ ಪೂರ್ತಿ ಅವರಿಬ್ಬರೂ ಉಪ್ಪು, ಖಾರ, ಒಣಮೀನು ಎಂದು ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದರು.

ಆ ಬೆಳಗ್ಗೆ ಮಾತ್ರ ನಾನು ಅಂಗಳದಲ್ಲಿ ಒಬ್ಬಳೇ ಉಳಿದೆ. ಅಪ್ಪನೂ ಚಿಕ್ಕಪ್ಪನೂ ದಡಕ್ಕೆ ಹೋಗಿದ್ದರು. ಹಲಗೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅಜ್ಜಿಗೆ ಕಂಡ ಆ ಅಳು ಎಲ್ಲಿದೆ ಎಂದು ನೋಡಬೇಕಿತ್ತು ನನಗೆ. ಕಣ್ಣಿನ ನೀಲಿಯಲ್ಲಿ ಹುಡುಕಿದೆ, ರೆಪ್ಪೆಯ ಕೆಳಗೆ ಹುಡುಕಿದೆ, ಮೂಗಿನ ಬದಿಯ ಕೆಂಪಿನಲ್ಲಿ ಹುಡುಕಿದೆ. ಹಸಿರು ಕೆನ್ನೆಯ ಮೇಲೆ ಬೆರಳಿಟ್ಟೆ. ಅದಿನ್ನೂ ಒಣಗಿರಲಿಲ್ಲ, ಬೆರಳಿಗೆ ಹತ್ತಿತು. ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಿಕ್ಕಪ್ಪ ಒಂದು ಹನಿ ಕಣ್ಣೀರನ್ನೂ ಬರೆದಿರಲಿಲ್ಲ.